ಅಂಗೈಯಗಲ

ತಿಕೋಟಾ ಹಾದಿಯ ಧೂಳೆಲ್ಲ ಹೊತ್ತುಕೊಂಡು
ಸಿಂದಗಿ ನಾಕಾದಾಗ, ನನ್ನ ಹೊಲಿಗಿ ಮಶೀನಿನ ಮುಂದ
ಕೆಮ್ಮಿ ನಿಂತಿತು ಟಂಟಂ.
ಅದರ ಹಿಂದಿನ ಪ್ಲಾಸ್ಟಿಕ್ ಖಿಡಕಿ
ಮಜ್ಜಿಗಿ ಗಡಿಗಿ ತೊಳದ ನೀರಿನ ಬಣ್ಣ.
"ಹೊಸಾದು ಹಾಕಲೇನು?" ಅಂದೆ.
"ರೊಕ್ಕ ಬಳ್ಳಿಗಿ ಬಿಡತಾವೇನು?" ಅಂದ ಈರಸಂಗಪ್ಪ.
"ಇದನ್ನ ತಿಕ್ಕು. ಎಷ್ಟು ಬರತೈತಿ ಅಷ್ಟು ಬರಲಿ."

ಒಣ ಬಟ್ಟಿ ಮುಟ್ಟಸಬ್ಯಾಡ ಅಂತ
ಉಸ್ತಾದ ಬಂದಗೀಸಾಬ ಮೊದಲ ದಿನಾನ
ಕೈಮ್ಯಾಲ ಹೊಡದು ಹೇಳಿದ್ದ:
ಧೂಳಿ ಅಂದ್ರ ಸಣ್ಣ ಕಲ್ಲು, ಮಗನ,
ನೀ ಒರಸೀನಿ ಅಂತ ತಿಳೀತಿ, ಗೀರಿರತಿ.
ಮೊದಲ ನೀರು. ಸುಮ್ಮನ ನೀರು.
ಕೈ ಹಚ್ಚದ, ಕೊಡದಿಂದ ಇಳೀಲಿ.

ಇಳೀತು.
ಮೊದಲನೇ ಕೊಡಕ್ಕ ಎರಿ ಹೊಲ,
ಎರಡನೇದಕ್ಕ ಚಹಾ,
ಮೂರನೇದು ನೀರಾಗಿ ಬಂದು ನೀರಾಗೇ ಹೋತು.

ಬಿಸಲಿಗಿ ಅರ್ಧ ತಾಸು ಬಿಟ್ಟೆ, ಮೆತ್ತಗಾಗಲಿ ಅಂತ.
ಸುತ್ತಿ ಕಟ್ಟೂದು ಬಿಟ್ಟು ಮಡಿಚಿ ಕಟ್ಯಾನ ಪುಣ್ಯಾತ್ಮ,
ಹಳೇ ರೇಶನ್ ಕಾರ್ಡಿನಂಗ ನಡುವ ಬೆಳ್ಳನ ಗೆರಿ.
ಆಮ್ಯಾಲ ಬಟಾಣಿ ಕಾಳಿನಷ್ಟು ಪಾಲಿಶು,
ಅಪ್ಪನ ಸವದ ಧೋತರದ ಚೂರು,
ಬೀಸೂಕಲ್ಲು ತಿರುಗಿದಂಗ ತಿರುವೂದು,
ಆದರ ಕಲ್ಲಿನ ಭಾರ ಮಾತ್ರ ಹಾಕದ.
ಸಣ್ಣ ಗೀರು ಹೋದವು.
ಉಗುರಿಗಿ ಸಿಗೂವು ಉಳದವು.
ಯಾರೋ ಸೀಮಿಎಣ್ಣಿ ಹಚ್ಚಿ ತಿಕ್ಕಿದ ಜಾಗ
ಬೂದಿ ಬಳದಂಗ ಹಂಗೇ ಇತ್ತು.
ಅದು ಹೊಲಸಲ್ಲ, ಸುಟ್ಟ ಗಾಯ.

ಸಂಜಿಕ್ಕ ಒಳಗ ಹತ್ತಿ ಕುಂತು ನೋಡಿದೆ:
ಕಬ್ಬಿನ ಹಾಲಿನ ಗಾಡಿ, ಅದರ ಗೆಜ್ಜಿ,
ಎದುರಿನ ಗ್ವಾಡೀಮ್ಯಾಲಿನ ಸಿಮೆಂಟಿನ ಜಾಹೀರಾತು.
ನಂದು ಓದು ಕಡಿಮಿ. ಆದರೂ
ಅದರ ಸಣ್ಣಕ್ಷರಾನೂ ಕೂಡಿಸಿ ಕೂಡಿಸಿ ಓದಿದೆ.

ಮೂರನೇ ದಿನ ಮುಂಜಾನೆ ಅದೇ ಟಂಟಂ.
ಒಳಗಿಂದ ಇಳದವರು ಹನ್ನೊಂದು ಮಂದಿ,
ದ್ರಾಕ್ಷಿ ಪಡಕ್ಕ ಚಾಟ್ನಿಗಿ ಹೊಂಟವರು,
ಸೊಂಟದಾಗ ಕತ್ರಿ.
"ಯಾಂವ ಹೇಳಿದ್ದ ನಿನಗ ತಿಕ್ಕಂತ?"
ಚಂದವ್ವ ಕೇಳಿದಳು.
"ಆರು ವರ್ಷ ಆ ಮಸಕಿನ ಮರೀಗಿ ಕುಂತು
ಸೆರಗು ಸಡಲ ಬಿಟ್ಟೀವಿ, ರೊಟ್ಟಿ ಮುರದೀವಿ,
ಮಾಲಕನ ಮಾತಿನ ಧಾಟಿ ತಗದು ನಕ್ಕೀವಿ.
ಈಗ ಹಿಂದ ಬರೂ ಗಾಡಿ ಹುಡಗೂರು
ಅಂಗಡ್ಯಾಗಿನ ಗೊಂಬಿ ನೋಡಿದಂಗ ನೋಡತಾವ.
ಒಂದಂತೂ ಫೋನ್ ಎತ್ತಿ ಹಿಡದಿತ್ತು."

ನನ್ನ ಬೆರಳಾಗ ಇನ್ನೂ ಪಾಲಿಶಿನ ವಾಸನಿ.
ಉಸ್ತಾದನ ಪಾಠದಾಗ ಇದು ಇರಲಿಲ್ಲ.
ಅಂವಾ ನೀರು ಹೇಳಿದ್ದ, ಬಿಸಲು ಹೇಳಿದ್ದ,
ಒಳಗ ಯಾರು ಕುಂತಾರ ಕೇಳು ಅಂತ ಹೇಳಿರಲಿಲ್ಲ.
"ತಿಂಗಳೊಪ್ಪತ್ತು ತಾಳ್ರಿ," ಅಂದೆ,
"ನಮ್ಮೂರ ಧೂಳಿ ಯಾರ ಕೆಲಸಾನೂ ಬಾಕಿ ಇಡೂದಿಲ್ಲ."
ಹತ್ತು ಮಂದಿ ನಕ್ಕರು. ಚಂದವ್ವ ನಗಲಿಲ್ಲ.

ಎಲ್ಲಾರೂ ಹತ್ತೂತನಕ ಹಿಂದ ನಿಂತಾಕಿ ಒಬ್ಬಾಕಿ,
ತಾಂಡೇದ ಸಕ್ಕೂಬಾಯಿ, ಈ ವರ್ಷ ಹೊಸದಾಗಿ ಬಂದಾಕಿ.
"ಕಾಕಾ, ಹಾದಿ ಕಾಣಲಿಲ್ಲಂದ್ರ ನನಗ ವಾಂತಿ ಬರತೈತಿ.
ಆ ಬಟ್ಟಿ ಒಂದು ಚೂರು ಕೊಡ್ರಿ."
"ಎಲ್ಲಾ ತಿಕ್ಕಿದರ ಆಕಿ ನಿನ್ನ ಬಿಡತಾಳೇನು?"
"ಎಲ್ಲಾ ಯಾಕ? ಅಂಗೈಯಗಲ ಸಾಕು."
ಹರದು ಕೊಟ್ಟೆ ಧೋತರದ ಅಂಚು.
"ಮೊದಲ ನೀರು," ಅನ್ನೂದರಾಗ
"ಗೊತ್ತೈತಿ, ಕಲ್ಲು," ಅಂದು ಹತ್ತಿದಳು.
ಈರಸಂಗಪ್ಪ ಹಾದೀತುಂಬ ಅದನ್ನೇ ಹೇಳಿದ್ದನಂತ,
ತಾನೇ ಕಂಡು ಹಿಡದಾಂವರಗತೆ.

ಮೊನ್ನೆ ನಾಕಾ ದಾಟಿ ಹೋತು ಆ ಟಂಟಂ.
ಖಿಡಕಿ ಮತ್ತ ಮಜ್ಜಿಗಿ ಬಣ್ಣಕ್ಕ ತಿರಗೇತಿ.
ಎಡಕ್ಕ, ಕುಂತ ಹೆಣಮಗಳ ಕಣ್ಣಿನ ಎತ್ತರಕ್ಕ
ಒಂದೇ ಒಂದು ಸ್ವಚ್ಛ ಗುಂಡನ ಜಾಗ.
ಅದರಾಗ ಒಂದು ಮೂಗಬೊಟ್ಟು ಮಿಂಚಿ
ತಿರುವಿನಾಗ ಹೋತು.