ಕುಟ್ಬಣ ಧಕ್ಕೆಯಲ್ಲಿ ಭಾಗಾಕಾರ

ಜುಲೈ. ದೋಣಿಗಳೆಲ್ಲ ಹಗ್ಗಕ್ಕೆ ಕಟ್ಟಿಸಿಕೊಂಡು
ಸಾಳ ನದಿಯ ಬಾಯಲ್ಲಿ ತೂಕಡಿಸುತ್ತಿವೆ.
ಸರ್ಕಾರ ಮೀನಿಗೆ ಬಾಣಂತನದ ರಜೆ ಕೊಟ್ಟಿದೆ,
ನಮಗೆ ಎಂಜಿನ್ನಿನ ಹೊಟ್ಟೆ ಬಿಚ್ಚುವ ಕೆಲಸ.

ಇನಾಸ್ ಮೇಸ್ತ್ರಿ ಹೇಳಿದ: "ಇದರಲ್ಲಿ ಕಿಡಿ ಇಲ್ಲ, ಪೋರಾ.
ಪ್ಲಗ್ ಇಲ್ಲ, ಬೆಂಕಿಪೆಟ್ಟಿಗೆ ಇಲ್ಲ.
ಗಾಳಿಯನ್ನು ಹಿಡಿದು ಮೂಲೆಗೆ ಒತ್ತುತ್ತ ಹೋದರೆ
ಜಾಗ ಸಾಲದೆ ಅದಕ್ಕೇ ಮೈಯೆಲ್ಲ ಕಾವೇರುತ್ತದೆ.
ಆಗ ಮೇಲಿಂದ ಒಂದು ಸೀನು ಸೀನಿದಷ್ಟು ಡೀಸೆಲ್.
ಅಷ್ಟೆ."

ಹನ್ನೊಂದು ಜನ ಮಲಗುವ ನಮ್ಮ ಖೋಲಿ ನೆನಪಾಯಿತು.

"ಎಷ್ಟು ಒತ್ತಬೇಕು?"
"ಅದನ್ನು ನೀನು ಹೇಳಬೇಕು. ಹತ್ತನೇ ಪಾಸಲ್ಲವೇ?"

ರೋಣದ ಸಾಲಿಯಲ್ಲಿ ಗಣಿತಕ್ಕೆ
ಹತ್ತೊಂಬತ್ತು ಬಿದ್ದದ್ದು ಇಲ್ಲಿ ಯಾರಿಗೂ ಗೊತ್ತಿಲ್ಲ.

ಈ ದೋಣಿ ನಸುಕಿಗೆ ಏಳುತ್ತಿರಲಿಲ್ಲವಂತೆ.
ಬ್ಯಾಟರಿ ಸಾಯುವ ತನಕ ಕೆಮ್ಮಿ
ಬಿಳಿ ಹೊಗೆ ಕಾರಿ
ಮತ್ತೆ ಮಗ್ಗುಲಾಗುತ್ತಿತ್ತಂತೆ.

ಐಸ್ ಫ್ಯಾಕ್ಟರಿ ಚೀಟಿಯ ಬೆನ್ನಿಗೆ ಬರೆದೆ:
ಬೋರ್ ನೂರೈದು ಮಿಲಿಮೀಟರ್, ಸ್ಟ್ರೋಕ್ ನೂರಿಪ್ಪತ್ತು.
ಬೋರಿನ ಅರ್ಧವನ್ನು ಅರ್ಧದಿಂದಲೇ ಗುಣಿಸಿ
ಪೈ ಹಚ್ಚಿ, ಸ್ಟ್ರೋಕ್ ಹಚ್ಚಿ, ಸೊನ್ನೆಗಳನ್ನು ಕಿತ್ತು ಹಾಕಿದರೆ
ಒಂದು ಸಿಲಿಂಡರಿಗೆ ಸಾವಿರದ ಮೂವತ್ತೊಂಬತ್ತು ಸಿಸಿ.
ಪಿಸ್ಟನ್ ಏರಿಳಿದು ಆಡುವ ಅಂಗಳ ಇದು.

ಇನ್ನು, ಪಿಸ್ಟನ್ ತುತ್ತತುದಿಗೆ ಹೋಗಿ ನಿಂತಾಗಲೂ
ಅದರ ತಲೆಯ ಮೇಲೆ ಉಳಿಯುವ ಕೋಣೆ.
ಅಲ್ಲಿಗೆ ಅಳತೆಪಟ್ಟಿ ಹೋಗುವುದಿಲ್ಲ.
ಬೇತುಲ್ ಮೆಡಿಕಲ್ಲಿನಿಂದ ಸಿರಿಂಜು ತಂದೆ, ಹತ್ತು ಎಂಎಲ್ಲಿನದು.
"ಯಾರಿಗೆ ಹುಷಾರಿಲ್ಲ?" ಕೇಳಿದಳು ಅಂಗಡಿಯ ಹುಡುಗಿ.
"ನಾಲ್ಕನೇ ಸಿಲಿಂಡರಿಗೆ" ಅಂದೆ.

ನಾಜಲ್ ಬಿಚ್ಚಿದ ತೂತಿನಿಂದ ಗಟ್ಟಿ ಎಣ್ಣೆ ಇಳಿಸಿದೆ,
ರಿಂಗಿನ ಸಂದಿಯಲ್ಲಿ ಅದು ಜಾರಿಹೋಗುವ ಮೊದಲೇ, ಬೇಗ ಬೇಗ.
ಏಳು ಸಿರಿಂಜು ಒಳಗೆ.
ಎಂಟನೆಯದು ಅರ್ಧಕ್ಕೆ ಬರುವಾಗ
ತೂತಿನ ಬಾಯಲ್ಲಿ ಹೊಳೆಯಿತು, ತುಂಬಿದ ಕಣ್ಣಿನ ಹಾಗೆ.
ಎಪ್ಪತ್ತೈದು.

ಭಾಗಿಸಿದೆ. ಮೂರು ಸಲ ಭಾಗಿಸಿದೆ.
"ಹದಿಮೂರು ಮುಕ್ಕಾಲು, ಮೇಲೆ ಚಿಲ್ಲರೆ."
ಪಂಪಿನ ಆಚೆಯಿಂದ, ಬೀಡಿಯ ಹಿಂದಿನಿಂದ, ದನಿ:
"ಹದಿನಾಲ್ಕು ಮುಕ್ಕಾಲು, ಮೇಲೆ ಚಿಲ್ಲರೆ.
ಮೊದಲ ಸಲ ಎಲ್ಲರಿಗೂ ಒಂದು ಕಡಿಮೆಯೇ ಬರುತ್ತದೆ.
ಪಿಸ್ಟನ್ ಕೆಳಗಿಳಿದಾಗ ಮೇಲಿನ ಕೋಣೆ
ಎಲ್ಲಿಗೆ ಹೋಯಿತೋ? ಜಾತ್ರೆಗೆ ಹೋಯಿತೇ?
ಅಂಗಳಕ್ಕೆ ಕೋಣೆಯನ್ನು ಕೂಡಿಸು. ಆಮೇಲೆ ಕೋಣೆಯಿಂದ ಭಾಗಿಸು.
ಮೇಲೂ ಅದೇ, ಕೆಳಗೂ ಅದೇ. ಅದು ಎಲ್ಲೂ ಹೋಗುವುದಿಲ್ಲ,
ಅದಕ್ಕೇ ಮರೆತುಹೋಗುತ್ತದೆ."

ಕಂಪನಿಯ ಪುಸ್ತಕದಲ್ಲಿ ಹದಿನೇಳು ಎಂದಿತ್ತು.
"ಹಾಗಾದರೆ ಹತ್ತು ಸಿಸಿ ಕೋಣೆ ಎಲ್ಲಿಂದಲೋ ಬಂದು ಸೇರಿದೆ" ಅಂದ.
ಹೆಡ್ ಎತ್ತಿದೆವು. ಎರಡು ಗ್ಯಾಸ್ಕೆಟ್, ಒಂದರ ಮೇಲೊಂದು!
ಯಾವನೋ ಪುಣ್ಯಾತ್ಮ ಎಣ್ಣೆ ಸೋರುತ್ತದೆಂದು
ಚಳಿಗೆ ಹೊದಿಸಿದ ಹಾಗೆ ಹೊದಿಸಿಬಿಟ್ಟಿದ್ದ.
ಹೆಚ್ಚಾದದ್ದು ಒಂದು ಪಾಯಿಂಟ್ ಎರಡು ಮಿಲಿಮೀಟರ್,
ರೂಪಾಯಿ ನಾಣ್ಯಕ್ಕಿಂತ ತೆಳು.
ಅಷ್ಟು ಸಡಿಲಕ್ಕೆ
ಗಾಳಿಗೆ ಬೆಂಕಿಯಾಗುವುದು ಮರೆತುಹೋಗಿತ್ತು.

ಸಂಜೆ ಚಹಾಕ್ಕೆ ಕಳಿಸಿದರು.
ಬಲೆ ಹೊಲಿಯುತ್ತಿದ್ದ ಫಗುವಾ, ಸುಕ್ರಾ,
ಬಣ್ಣ ಬಳಿಯುತ್ತಿದ್ದ ಇಬ್ಬರು, ಮೇಸ್ತ್ರಿ, ದೋಣಿಯ ಒಡತಿ ಪಿಯೆದಾದ್ ಬಾಯಿ.
ಆರು ಗ್ಲಾಸು ತಂದು ಹಂಚಿದೆ.
ಕೈಯಲ್ಲಿ ಖಾಲಿ ಸ್ಟ್ಯಾಂಡು ಹಿಡಿದು ನಿಂತವನನ್ನು
ಮೇಸ್ತ್ರಿ ಬಹಳ ಹೊತ್ತು ನೋಡಿದ.
ನಗಲಿಲ್ಲ. ಡಬ್ಬಿಯ ಮುಚ್ಚಳಕ್ಕೆ
ತನ್ನದರಲ್ಲಿ ಅರ್ಧ ಸುರಿದು ಈಕಡೆ ನೂಕಿದ.

ಆಗಸ್ಟ್ ಒಂದು. ಇನ್ನೂ ಕತ್ತಲೆ.
ಪಿಯೆದಾದ್ ಬಾಯಿ ಶಿಲುಬೆ ಗೀರಿಕೊಂಡಳು,
ನಾನು ಬಟನ್ ಒತ್ತಿದೆ.
ಒಂದು ಕೆಮ್ಮು. ಮುಂದಿನದು ಕೆಮ್ಮಲ್ಲ.
ಹಲಗೆ, ಹಗ್ಗ, ನನ್ನ ಮೊಣಕಾಲು, ಎಲ್ಲ ಒಂದೇ ತಾಳಕ್ಕೆ ನಡುಗಿದವು.
ಬಿಳಿ ಹೊಗೆ ಇಲ್ಲ. ಸ್ವಲ್ಪ ಕರಿ,
ಆಮೇಲೆ ಅದೂ ಇಲ್ಲ.

ಸಿರಿಂಜನ್ನು ಇಟ್ಟುಕೊಂಡಿದ್ದೇನೆ.
ಚೀಟಿ ಎಲ್ಲೋ ನೀರಿಗೆ ಬಿತ್ತು.