ಪೇಟೆಯ ಮಲೆಯಾಳ

ಇಪ್ಪತ್ತೆರಡು ವರ್ಷ ನಾನು ನಮ್ಮ ವಾಡ್ಯದ ಗುರ್ಕಾರ.
ಮನೆ ಒಕ್ಕಲಾದರೆ, ಬಾವಿಯಲ್ಲಿ ನೀರು ಸಿಕ್ಕಿದರೆ,
ಯಾರದೋ ಮಗಳು ನರ್ಸಿಂಗ್ ಪಾಸಾದರೆ
'ಲಾದ್ರು ಪೊರ್ಬುಗಳೇ, ಒಂದು ಪ್ರಾರ್ಥನೆ' ಎನ್ನುವರು.
ಹೇಳುತ್ತಿದ್ದೆ.
ಕೊಂಕಣಿಯಲ್ಲಿ ಹೊರಟು, ನಡುವೆ ಕನ್ನಡಕ್ಕೆ ಹತ್ತಿ,
ಕೀರ್ತನೆಯ ಒಂದು ಸಾಲು ಸರಿಯಾದ ಜಾಗದಲ್ಲಿಟ್ಟು,
ದನಿ ತಗ್ಗಿಸಬೇಕಾದಲ್ಲಿ ತಗ್ಗಿಸಿ.

ನಾನು ಕಣ್ಣು ಮುಚ್ಚಿದ್ದೇನೆಂದು ಎಲ್ಲರೂ ನಂಬಿದ್ದರು.
ರೆಪ್ಪೆಯ ಸಂದಿನಲ್ಲೊಂದು ಸಣ್ಣ ಕಿಂಡಿ ಇಟ್ಟುಕೊಂಡಿದ್ದೆ:
ಯಾರು ಸೆರಗಿಂದ ಕಣ್ಣೊರಸಿದರು,
ಯಾರ ಆಮೆನ್ ಮೊದಲು ಬಂತು.
ದೂರ ನಿಂತು ಎದೆ ಬಡಿದುಕೊಂಡನಲ್ಲ, ಆ ಸುಂಕದವನು,
ಅವನ ಬಗ್ಗೆ ಬೇಳದ ಧ್ಯಾನಕೂಟದಲ್ಲಿ
ಮುಕ್ಕಾಲು ಗಂಟೆ ಮಾತಾಡಿದ್ದೆ.
ಅವನು ಆಡಿದ್ದು ಒಂದೇ ಸಾಲು.
ಊಟದ ಹೊತ್ತಿಗೆ ನಾಲ್ಕು ಜನ ನನ್ನ ಕೈ ಕುಲುಕಿದರು.

ಮಾರ್ಚಿ ತಿಂಗಳು. ಗೇರುಹಣ್ಣು ಉದುರಿ ಗುಡ್ಡೆಯೆಲ್ಲ ಹುಳಿ ವಾಸನೆ.
ರಾತ್ರಿ ಹನ್ನೊಂದಕ್ಕೆ ಟಾರ್ಚು ಹಿಡಿದು ಔಸೇಪ್ ಬಂದ,
ಮೇಲಿನ ರಬ್ಬರ್ ತೋಟದವನು,
ಅಜ್ಜನ ಕಾಲಕ್ಕೆ ಪಾಲಾ ಕಡೆಯಿಂದ ಬಂದ ಮನೆಯವನು.
ತಾಯಿ ಏಲಿಕ್ಕುಟ್ಟಿಗೆ ಉಸಿರು ಎಳೆಯುತ್ತಿದೆ.
ಪಾದ್ರಿಗಳು ಮುಳ್ಳೇರಿಯದಿಂದ ಬರಬೇಕು, ಎರಡು ಗಂಟೆಯಾದೀತು.
'ಅದುವರೆಗೆ ನೀವು ಏನಾದರೂ ಹೇಳಿ.
ಮಲೆಯಾಳದಲ್ಲೇ ಹೇಳಿ. ಅಮ್ಮಚ್ಚಿಯ ಕಿವಿಗೆ
ಬೇರೆ ಯಾವುದೂ ಹೋಗುವುದಿಲ್ಲ.'

ನನ್ನದು ಪೇಟೆಯ ಮಲೆಯಾಳ.
ಮೀನಿನ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕಲಿತದ್ದು,
ಕಾಸರಗೋಡಿನ ಬಸ್ಸಿನಲ್ಲಿ ನೇತಾಡುತ್ತ ಕಲಿತದ್ದು,
ತಾಲೂಕು ಕಚೇರಿಯ ಕಿಟಕಿಯಲ್ಲಿ ಬೈಸಿಕೊಂಡು ಕಲಿತದ್ದು.
ಅದರಲ್ಲಿ ಕರುಣೆಗೆ ಏನೆನ್ನುತ್ತಾರೋ ತಿಳಿಯದು.
ಪಾಪಕ್ಕೆ ಪಾಪವೆಂದೇ ಇರಬೇಕು, ಖಾತ್ರಿಯಿಲ್ಲ.
ಬಾಯಿ ತೆರೆದೆ. ಇಪ್ಪತ್ತೆರಡು ವರ್ಷದ ದನಿ
ಹೊಸ್ತಿಲಾಚೆ ಚಪ್ಪಲಿಯ ಜೊತೆ ನಿಂತುಬಿಟ್ಟಿತು.

ಔಸೇಪನ ಮಗಳು, ಎರಡನೇ ಕ್ಲಾಸು,
ನಿದ್ದೆಗಣ್ಣಲ್ಲಿ ನನ್ನ ಬಾಯನ್ನೇ ನೋಡುತ್ತಿದ್ದಳು.

ಕೊನೆಗೆ, ಬಸ್ಸಿನಲ್ಲಿ ಪಕ್ಕದ ಸೀಟು ತಟ್ಟಿ ಹೇಳುವ ಹಾಗೆ
ದೇವರಿಗೆ ಹೇಳಿದೆ: ಇವಿಡೆ ಇರಿಕ್ಕ್.
ಇಲ್ಲಿ ಕೂತುಕೋ ಎಂದು.
ವೆಳ್ಳಂ ಕೊಡುಕ್ಕ್ ಎಂದೆ, ಅವಳ ತುಟಿ ಒಣಗಿತ್ತು.
ಪದುಕ್ಕೆ, ಪದುಕ್ಕೆ ಎಂದೆ;
ಮುದುಕಿ ಇಳಿಯುವಾಗ ಡ್ರೈವರನಿಗೆ
ಬಸ್ಸಿನವರೆಲ್ಲ ಕೂಗಿ ಹೇಳುವ ಮಾತು.
ಹುಡುಗಿ ಕಿಸಕ್ಕನೆ ನಕ್ಕಳು.
'ಇರಿಕ್ಕ್ ಅಲ್ಲ, ಇರಿಕ್ಕಣೇ. ದೇವರಿಗೆ ಣೇ ಹಚ್ಚಬೇಕು.'
ಇರಿಕ್ಕಣೇ, ಎಂದಳು. ಇರಿಕ್ಕಣೇ, ಎಂದೆ.
ಕೊಡುಕ್ಕಣೇ, ಎಂದಳು. ಕೊಡುಕ್ಕಣೇ, ಎಂದೆ.
ಔಸೇಪ್ ಚಮಚದಲ್ಲಿ ನೀರು ಬಿಟ್ಟ.
ಏಲಿಕ್ಕುಟ್ಟಿ ಕಣ್ಣು ತೆರೆದು 'ಮತಿ' ಎಂದಳು.
ಸಾಕು.
ನೀರು ಸಾಕೋ, ನಾನು ಸಾಕೋ, ಇದೆಲ್ಲ ಸಾಕೋ
ಕೇಳುವಷ್ಟು ಮಾತು ನನ್ನಲ್ಲಿರಲಿಲ್ಲ.
ಕಿಂಡಿ ಇಟ್ಟುಕೊಳ್ಳಲು ಮರೆತದ್ದು
ಗುಡ್ಡೆ ಇಳಿಯುವಾಗ ನೆನಪಾಯಿತು.

ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು.
ಅವಳ ಏಳನೇ ದಿನ ಮತ್ತೆ ನನ್ನನ್ನೇ ಎಬ್ಬಿಸಿದರು.
ಚಿಕ್ಕದಾಗಿ ಹೇಳಿದೆ. ಎರಡು ಕಡೆ ಬೇಕೆಂದೇ ತಡವರಿಸಿದೆ.
'ಪೊರ್ಬುಗಳು ಈಗ ಎಷ್ಟು ತಗ್ಗಿದ್ದಾರೆ ನೋಡು'
ಎಂದಳು ಹಿಂದಿನ ಬೆಂಚಿನ ಸೆವ್ರಿನ್ ಬಾಯಿ.
ಕೇಳಿಸಿತು.
ಪೂರ್ತಿ ಕೇಳಿಸಲೆಂದು ಆಮೆನನ್ನು ಒಂದು ಗಳಿಗೆ ತಡೆದೆ.

ಈಗ ರಾತ್ರಿ ಹೆಂಡತಿ ಮಲಗಿದ ಮೇಲೆ
ಮಂಚದ ಪಕ್ಕ ಮೊಣಕಾಲೂರುತ್ತೇನೆ.
ಕೊಂಕಣಿ ಬರುತ್ತದೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು.
ಕನ್ನಡ ಬರುತ್ತದೆ, ಗಂಟಲು ಸರಿಮಾಡಿಕೊಂಡು.
ಎರಡನ್ನೂ ಹೊರಗೆ ಕೂರಿಸಿ
ಆ ಹುಡುಗಿಗೆ ಪಾಠ ಒಪ್ಪಿಸುತ್ತೇನೆ:
ಇವಿಡೆ ಇರಿಕ್ಕಣೇ.
ಕೆಲವು ರಾತ್ರಿ ಆ ಣೇ ಮರೆತುಹೋಗುತ್ತದೆ.