ಉಣ್ಣೆಮನೆಯ ತಕ್ಕಡಿ

ಹಿಂದಿನ ರಾತ್ರಿ ಉಣ್ಣೆಮನೆಯಲ್ಲಿ ದೀಪ ಹಾಕಿ
ಬೇಲು ತೂಗುವ ಕಬ್ಬಿಣದ ಹಲಗೆಯ ಮೇಲೆ ನಿಂತ ಮರ್ಡೊ.
ಬೂಟು ಬಿಚ್ಚಲಾ, ಅಂದ.
ಗಾಡಿ ಓಡಿಸುವಾಗ ಬಿಚ್ಚುತ್ತೀಯಾ, ಅಂದೆ.
ಗೋಡೆ ಕಡೆ ಮುಖ ತಿರುಗಿಸಿದ,
ಚುಚ್ಚುಮದ್ದಿಗೆ ತೋಳು ಕೊಟ್ಟ ಹುಡುಗನ ಹಾಗೆ.
ಮುಳ್ಳು ನಡುಗಿ ನಡುಗಿ ನಿಂತಿತು: ನೂರ ನಲವತ್ತಮೂರು.
ಆಮೇಲೆ ನಾನು. ಅವನು ಓದಿದ, ಮೆಲ್ಲಗೆ,
ಪಕ್ಕದ ಹೊಲಕ್ಕೆ ಕೇಳಿಸೀತು ಅನ್ನುವಂತೆ: ನೂರ ಹನ್ನೆರಡು.
ಕಂಬದ ಮೇಲೆ, ಹೋದ ಸಲದ ಬೇಲುಗಳ ಲೆಕ್ಕದ ಕೆಳಗೆ
ಸೀಮೆಸುಣ್ಣದಲ್ಲಿ ಬರೆದೆ. ಕೂಡಿದೆ.
ಮೂವತ್ತೊಂದು ವರ್ಷದ ಸಂಸಾರ,
ಮೊತ್ತ ಗೊತ್ತಾದದ್ದು ಅವತ್ತೇ.

ನಾಲ್ಕು ಗಾಲಿಯ ಬೈಕು ಹೋದ ಚಳಿಗಾಲ
ಹೊಕೊನುಯಿ ಗುಡ್ಡದ ಬಿಸಿಲು ಬೀಳದ ಮಗ್ಗುಲಲ್ಲಿ
ಅವನನ್ನು ಅಡಿಗೆ ಹಾಕಿಕೊಂಡು ಮಲಗಿತ್ತು, ಎರಡು ತಾಸು.
ದೊಡ್ಡ ದೇಹವೇ ಉಳಿಸಿತು, ಅಂದರು ಡಾಕ್ಟರು.
ದೊಡ್ಡ ದೇಹವೇ ಉರುಳಿಸಿತು, ಅಂದ ವಿಮೆಯವ.
ಇಬ್ಬರಿಗೂ ಚಹಾ ಕೊಟ್ಟೆ.

ಗೋರ್ ಪೇಟೆಯ ಅಂಗಡಿಯಲ್ಲಿ ಗಾಡಿಗಳು ಸಾಲಾಗಿ.
ಸೈಡ್-ಬೈ-ಸೈಡ್ ಅನ್ನುತ್ತಾರೆ; ಪಕ್ಕಪಕ್ಕ ಕೂರುವಂಥದು.
ಮಾರುವ ಹುಡುಗ ಕ್ಯಾಲಮ್, ಬೇಲಿಗೂಟದಷ್ಟು ತೆಳ್ಳಗೆ,
ಕುದುರೆಶಕ್ತಿ ಹೇಳಿದ, ವೇಗ ಹೇಳಿದ, ಬಣ್ಣ ಹೇಳಿದ.
ಬೆಲ್ಟು ಎಷ್ಟು ಉದ್ದ, ಅಂದೆ.
ಕೈಪಿಡಿ ತಿರುವಿದ. ಅದರಲ್ಲಿರಲಿಲ್ಲ.

ಕೆಂಪನೆಯದರ ಕಂಬಿಗಳ ನಡುವೆ ಮರ್ಡೊ
ಓರೆಯಾಗಿ ಒಳಹೊಕ್ಕ, ಅಡ್ಡ ಬಂದ ಕುರಿಮರಿಯ ಹಾಗೆ;
ಹೊರಗೆಳೆಯಲು ನಾನೇ ಕೈ ಹಾಕಬೇಕಾಯಿತು.
ಇನ್ನೊಂದರಲ್ಲಿ ಸ್ಟಿಯರಿಂಗು ಹೊಟ್ಟೆಗೆ ಒತ್ತಿ
ಎಡಕ್ಕೆ ತಿರುಗಿಸಿದಾಗ ಅಂಗಿಯ ಗುಂಡಿಯೂ ತಿರುಗಿತು.
ಮತ್ತೊಂದರಲ್ಲಿ ಎರಡು ಬಟ್ಟಲು ಸೀಟು, ನಡುವೆ ದಿಬ್ಬ.
ತುಳುಕಿದೆವು.

ಎರಡು ಜನ, ಅಂದಿತ್ತು ಚೀಟಿ.
ಕೆಳಗೆ ಇರುವೆಯಂಥ ಅಕ್ಷರ: ತಲಾ ಎಪ್ಪತ್ತೈದು ಕೆಜಿ.
ಯಾರಪ್ಪ ಈ ಎಪ್ಪತ್ತೈದು ಕೆಜಿ ಮನುಷ್ಯ?
ವಿಮಾನದಲ್ಲೂ ಇವನೇ, ಸಿನಿಮಾ ಕುರ್ಚಿಯಲ್ಲೂ ಇವನೇ,
ನಾವು ಹೋದಲ್ಲೆಲ್ಲ ನಮಗಿಂತ ಮುಂಚೆ ಬಂದು ಕೂತು
ಅಳತೆ ಕೊಟ್ಟು ಎದ್ದುಹೋಗಿರುತ್ತಾನೆ.
ಒಂದು ದಿನಕ್ಕೂ ಬೇಲಿ ಕಟ್ಟಲು ಬಂದವನಲ್ಲ.

ಕ್ಯಾಲಮ್ ಕೆಮ್ಮಿದ. ಅಂದಾಜು... ನಿಮ್ಮ ತೂಕ...
ಸಾವಿನ ಮನೆಯಲ್ಲಿ ಸಾಲ ಕೇಳುವವನ ದನಿ.
ಇನ್ನೂರೈವತ್ತೈದು, ಅಂದೆ. ಜೋರಾಗಿಯೇ.
ಬೂಟು ಸೇರಿ, ಅಂದ ಮರ್ಡೊ.
ಗೊಬ್ಬರದ ಮೂಟೆಗಳ ಹತ್ತಿರ ಯಾರೋ ತಿರುಗಿ ನೋಡಿದರು.
ನೋಡಲಿ.

ಹುಡುಗನಿಗೂ ಹಗುರಾಯಿತೇನೋ, ಹಿಂದಿನ ಷೆಡ್ಡಿಗೆ ಕರೆದೊಯ್ದ.
ಡೀಸೆಲ್ಲಿನದು, ಕೆಸರುಬಣ್ಣ, ಮೊಂಡು ಮೂತಿ, ಓಟ ನಿಧಾನ.
ದಿಬ್ಬವಿಲ್ಲದ ಬೆಂಚು. ಅಗಲ ಬಾಗಿಲು.
ಹೊರುವುದು ನಾನೂರೈವತ್ತು, ಜನವೂ ಸೇರಿ.
ನಮ್ಮನ್ನು ಕಳೆದೆ. ನೂರ ತೊಂಬತ್ತೈದು.
ಅರವತ್ತೈದರ ಮೂರು ಕುರಿ, ಅಂದ ಮರ್ಡೊ.
ನಾಯಿ?
ನಾಯಿಗೆ ಕಾಲಿದೆ.

ಬೆಲ್ಟು ಎಳೆದ. ಇನ್ನೂ ಎಳೆದ. ಉಸಿರು ಹಿಡಿದ.
ಬಿಡು, ಅಂದೆ, ಗುಡ್ಡ ಹತ್ತುವಷ್ಟು ಹೊತ್ತೂ ಹಿಡಿದಿರುತ್ತೀಯಾ?
ಬಿಟ್ಟ.
ಟಕ್.

ಇವತ್ತು ಹೊಳೆಯಾಚೆಯ ಹೊಲಕ್ಕೆ ಹೊರಟಾಗ
ಗಾಡಿ ಅವನ ಕಡೆಗೆ ತುಸು ವಾಲಿತು.
ಉಪ್ಪಿನ ಮೂಟೆ ನನ್ನ ಕಡೆ ಸರಿಸಿದೆ. ಸಮ ಆಗಲಿಲ್ಲ.
ಇರಲಿ ಬಿಡು ನೋಲಿನ್, ಅಂದ.
ಇಷ್ಟು ವರ್ಷ ಅವನು ಬೈಕಿನಲ್ಲಿ ಮುಂದೆ,
ನಾನು ಗೇಟು ತೆಗೆಯುತ್ತ, ಮುಚ್ಚುತ್ತ, ನಡೆದು ಹಿಂದೆ;
ಕೂಗಿದ್ದನ್ನೆಲ್ಲ ದಕ್ಷಿಣದ ಚಳಿಗಾಳಿ ಒಯ್ದಿತ್ತು.
ಈಗ ಪಕ್ಕದಲ್ಲೇ ಇದ್ದಾನೆ. ಹೇಳಲು ಅಂಥದ್ದೇನೂ ಇಲ್ಲ.
ಕುರಿ ಎಣಿಸುತ್ತಾನೆ, ತುಟಿ ಅಲ್ಲಾಡಿಸುತ್ತ.
ತುಟಿ ಅಲ್ಲಾಡಿಸುತ್ತಾನೆ ಅಂತ ನನಗೆ ಗೊತ್ತೇ ಇರಲಿಲ್ಲ.

ಗೇಟು ಬಂತು.
ಇಳಿಯುವವರು ಯಾರು ಎಂದು
ಇಬ್ಬರೂ ಮುಖ ಮುಖ ನೋಡಿಕೊಂಡೆವು.